ತೊಡೆ ಉದ್ದ, ಮುಂಡ ಗಿಡ್ಡ: ನನ್ನ ಮೈಗೆ ಯಾವ ಸ್ಕ್ವಾಟ್ ಹೊಂದುತ್ತೆ? ಹೈ ಬಾರೋ, ಲೋ ಬಾರೋ?

ಹಾಸನ್_ಉದ್ದಕಾಲು:

ಎಲ್ಲರಿಗೂ ನಮಸ್ಕಾರ. ಹಾಸನದ ಸಾಲಗಾಮೆ ರಸ್ತೆ ಕಡೆ ಒಂದು ಜಿಮ್‌ಗೆ ಹೋಗ್ತಿದ್ದೀನಿ. ಅಲ್ಲಿ ಸ್ಕ್ವಾಟ್‌ಗೆ (ಭಾರದ ಬಾರ್ ಹೊತ್ತು ಕೂತೇಳೋದು) ಹೇಳಿಕೊಡೋದು ನಾಲ್ಕೇ ಮಾತು: ಪಾದ ಭುಜದಷ್ಟು ಅಗಲ, ಬೆರಳು ನೇರ ಮುಂದಕ್ಕೆ, ಎದೆ ಎತ್ತು, ಮಂಡಿ ಬೆರಳು ದಾಟಬಾರದು. ಹಾಗೇ ಮಾಡಿದ್ರೆ ಅರ್ಧ ಇಳಿಯೋದ್ರೊಳಗೆ ಹಿಂದಕ್ಕೆ ಬೀಳೋ ಹಾಗಾಗುತ್ತೆ. ಬೀಳಬಾರದು ಅಂತ ಮುಂದಕ್ಕೆ ಬಾಗಿದ್ರೆ "ಬೆನ್ನು ಬಗ್ಗಿಸ್ಬೇಡ" ಅಂತಾರೆ. 40 ಕೆ.ಜಿ.ವರೆಗೂ ಹೇಗೋ ನಡೆಯುತ್ತೆ, 60ಕ್ಕೆ ಕೆಳಬೆನ್ನು ಹಿಡ್ಕೊಳ್ಳುತ್ತೆ.

ಟೇಪಲ್ಲಿ ಅಳೆದಿದ್ದು: ಎತ್ತರ 180 ಸೆಂ.ಮೀ. ಸೊಂಟದ ಪಕ್ಕ ಕೈಗೆ ಸಿಗೋ ಮೂಳೆಗುಬ್ಬಿಯಿಂದ ಮಂಡಿಯ ಹೊರಗೀಲಿನವರೆಗೆ 46. ಮಂಡಿಯಿಂದ ಆಂಕಲ್ ಗುಬ್ಬಿಗೆ 42. ಅದೇ ಸೊಂಟದ ಗುಬ್ಬಿಯಿಂದ ಹೈ ಬಾರ್ ಕೂರೋ ಜಾಗಕ್ಕೆ (ಕತ್ತಿನ ಬುಡದ ಮೂಳೆಯ ಕೆಳಗೆ) 52. ಪಾದ 27. ಗೋಡೆಗೆ ಮಂಡಿ ತಾಗಿಸೋ ಪರೀಕ್ಷೆಯಲ್ಲಿ ಹಿಮ್ಮಡಿ ಏಳದ ಹಾಗೆ ಬೆರಳಿಗೂ ಗೋಡೆಗೂ ನಡುವೆ ಎಡಗಾಲು 5 ಸೆಂ.ಮೀ., ಬಲಗಾಲು 7. ಮೊಬೈಲ್ ಲೆವೆಲ್ ಆ್ಯಪನ್ನ ಮೊಣಕಾಲಿನ ಕೆಳಗಿನ ಮೂಳೆಗೆ ಒತ್ತಿಟ್ಟು ನೋಡಿದ್ರೆ 25 ಡಿಗ್ರಿ ಆಸುಪಾಸು ಬಾಗುತ್ತೆ.

ಹೈ ಬಾರ್, ಲೋ ಬಾರ್ (ಬಾರ್ ಅದಕ್ಕಿಂತ ಕೆಳಗೆ, ಹೆಗಲ ಹಲಗೆ ಮೇಲೆ), ಫ್ರಂಟ್ ಸ್ಕ್ವಾಟ್ (ಬಾರ್ ಎದೆ ಮುಂದೆ), ಇವುಗಳಲ್ಲಿ ಯಾವುದು ಹಿಡಿಯಲಿ? ಪಾದ ಎಷ್ಟು ಅಗಲ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

---

ಲೆಕ್ಕದ_ಮೇಷ್ಟ್ರು:

ಅಳತೆ ಕೊಟ್ಟು ಕೇಳಿದ್ದೀರಿ, ಸಂತೋಷ. ನಿಮಗೆ ಹೇಳಿರೋ ನಾಲ್ಕು ಮಾತನ್ನ ಒಟ್ಟಿಗೆ ಪಾಲಿಸೋಕೆ ನಿಮ್ಮ ಮೂಳೆಗಳೇ ಬಿಡಲ್ಲ. ಅದು ಸೋಮಾರಿತನವೂ ಅಲ್ಲ, ಬೆನ್ನಿನ ಬಲದ ಪ್ರಶ್ನೆಯೂ ಅಲ್ಲ. ಲೆಕ್ಕ ಹಾಕಿ ತೋರಿಸ್ತೀನಿ.

ಮೂಲ ನಿಯಮ ಒಂದೇ: ಭಾರ ಹೊತ್ತ ಬಾರ್ ಪಾದದ ನಡುಮಧ್ಯದ ಮೇಲೆ, ಅಂದ್ರೆ ಶೂ ಲೇಸಿನ ಗಂಟಿನ ನೇರಕ್ಕೆ ಇರಬೇಕು. ಮುಂದಕ್ಕೆ ಹೋದ್ರೆ ಹಿಮ್ಮಡಿ ಏಳುತ್ತೆ, ಹಿಂದಕ್ಕೆ ಹೋದ್ರೆ ನೀವು ಹೋಗ್ತೀರಿ. 27 ಸೆಂ.ಮೀ. ಪಾದದಲ್ಲಿ ಆ ಮಧ್ಯಬಿಂದು ಆಂಕಲ್ ಕೀಲಿಗಿಂತ ಸುಮಾರು 7 ಸೆಂ.ಮೀ. ಮುಂದಿರುತ್ತೆ.

ತೊಡೆ ನೆಲಕ್ಕೆ ಸಮಾನಾಂತರವಾದಾಗ ಸೊಂಟದ ಕೀಲು ಮಂಡಿಗಿಂತ ಪೂರ್ತಿ 46 ಸೆಂ.ಮೀ. ಹಿಂದೆ. ನಿಮ್ಮ ಆಂಕಲ್ 25 ಡಿಗ್ರಿ ಬಾಗುತ್ತೆ ಅಂದ್ರೆ ಮಂಡಿ ಆಂಕಲ್‌ಗಿಂತ 42 × ಸೈನ್ 25 = 17.7 ಸೆಂ.ಮೀ. ಮುಂದೆ, ಅಂದ್ರೆ ಪಾದಮಧ್ಯಕ್ಕಿಂತ 10.7 ಮುಂದೆ. ಉಳಿದ 35.3 ಸೆಂ.ಮೀ. ಸೊಂಟ ಹಿಂದಕ್ಕೆ ಹೋಗಲೇಬೇಕು. ಅಲ್ಲಿಂದ ಬಾರನ್ನ ಮತ್ತೆ ಪಾದಮಧ್ಯಕ್ಕೆ ತರೋಕೆ ನಿಮ್ಮ 52 ಸೆಂ.ಮೀ. ಮುಂಡ ಎಷ್ಟು ಬಾಗಬೇಕು? 35.3 / 52 = 0.679. ಇದು ಸೈನ್, ಅಂದ್ರೆ ನೆಟ್ಟಗಿನ ಗೆರೆಯಿಂದ ಕೋನ 43 ಡಿಗ್ರಿ. ಇದು ಹೈ ಬಾರ್‌ನ ಲೆಕ್ಕ. ಬಾರ್ ಬೆನ್ನಿನ ಹಿಂದೆ ಕೂರೋದು, ಮೈಯ ತೂಕ, ಎಲ್ಲ ಸೇರಿಸಿದ್ರೆ ಒಂದೆರಡು ಡಿಗ್ರಿ ಆಚೀಚೆ ಆಗುತ್ತೆ, ಆದ್ರೆ ದಿಕ್ಕು ಇದೇ.

ಈಗ ಟ್ರೈನರ್ ಮಾತಿಗೆ ಬನ್ನಿ. ಮಂಡಿ ಬೆರಳು ದಾಟಬಾರದು ಅಂತ ಕೆಳಗಾಲನ್ನ 15 ಡಿಗ್ರಿಗೆ ನಿಲ್ಲಿಸಿದ್ರೆ ಸೊಂಟ 42 ಸೆಂ.ಮೀ. ಹಿಂದೆ ಹೋಗುತ್ತೆ, ಮುಂಡ 54 ಡಿಗ್ರಿ ಬಾಗಬೇಕಾಗುತ್ತೆ. ಅದೇ ಹೊತ್ತಿಗೆ "ಎದೆ ಎತ್ತು" ಅಂತ 35 ಡಿಗ್ರಿಗೆ ಹಿಡಿದ್ರೆ ಬಾರ್ ಪಾದಮಧ್ಯಕ್ಕಿಂತ 12 ಸೆಂ.ಮೀ. ಹಿಂದೆ ಇರುತ್ತೆ. ನಿಮ್ಮ ಹಿಮ್ಮಡಿಯ ತುದಿ ಇರೋದೇ 13.5 ಸೆಂ.ಮೀ. ಹಿಂದೆ. ಬೀಳದೆ ಇನ್ನೇನಾಗುತ್ತೆ?

ಮೂಳೆ ಬದಲಾಯಿಸೋಕಾಗಲ್ಲ. ನಿಮ್ಮ ಕೈಲಿರೋದು ಮೂರೇ: ಹಿಮ್ಮಡಿಯ ಎತ್ತರ, ಪಾದದ ಅಗಲ ಮತ್ತು ಬೆರಳು ತಿರುಗಿಸೋ ಕೋನ, ಬಾರ್ ಕೂರೋ ಜಾಗ. ನಿಮ್ಮದೇ ಅಳತೆಗೆ ಹಾಕಿದ್ರೆ ಮುಂಡ ಬಾಗೋ ಕೋನ ಹೀಗೆ:

- ಈಗಿನ ಹಾಗೆ, ಹಿಮ್ಮಡಿಗೆ ಎತ್ತರವಿಲ್ಲದೆ, ಬೆರಳು ನೇರ: ಹೈ ಬಾರ್ 43 ಡಿಗ್ರಿ, ಲೋ ಬಾರ್ (6 ಸೆಂ.ಮೀ. ಕೆಳಗೆ ಅಂದ್ಕೊಂಡು) 50 ಡಿಗ್ರಿ
- ಹಿಮ್ಮಡಿ ಕೆಳಗೆ 20 ಮಿ.ಮೀ. (ಆಂಕಲ್‌ಗೆ ಸುಮಾರು 6 ಡಿಗ್ರಿ ಸಿಗುತ್ತೆ): ಹೈ 37, ಲೋ 43
- ಅಗಲ ನಿಂತು ಬೆರಳು, ಮಂಡಿ ಎರಡೂ 30 ಡಿಗ್ರಿ ಹೊರಕ್ಕೆ: ಹೈ 36, ಲೋ 42
- ಎರಡೂ ಸೇರಿಸಿ: ಹೈ ಸುಮಾರು 32, ಲೋ 36

ಪಾದ ಅಗಲಿಸಿದ್ರೆ ಯಾಕೆ ಕಮ್ಮಿ ಆಗುತ್ತೆ ಅಂದ್ರೆ, ತೊಡೆಯ ಉದ್ದ ಒಂದಿಷ್ಟು ಪಕ್ಕಕ್ಕೆ ಖರ್ಚಾಗುತ್ತೆ. ಪಕ್ಕದಿಂದ ನೋಡೋರ ಕಣ್ಣಿಗೆ ನಿಮ್ಮ 46 ಸೆಂ.ಮೀ. ತೊಡೆ 40 ಆಗಿ ಕಾಣುತ್ತೆ.

ಬಹಳ ಜನ ತಪ್ಪು ತಿಳಿಯೋ ಒಂದು ವಿಷಯ. ಲೋ ಬಾರ್ ಮಾಡಿದ್ರೆ ಸೊಂಟದ ಮೇಲಿನ ಹೊರೆ ಇಳಿಯುತ್ತೆ ಅಂತಾರೆ. ಪಾದ, ಮಂಡಿ ಇದ್ದಲ್ಲೇ ಇದ್ರೆ ಸೊಂಟದಿಂದ ಬಾರಿಗೆ ಅಡ್ಡದೂರ ಅದೇ 35.3 ಸೆಂ.ಮೀ., ಬಾರ್ ಮೇಲಿರಲಿ ಕೆಳಗಿರಲಿ. ಬದಲಾಗೋದು ಬೆನ್ನಿನ ಓರೆ ಮಾತ್ರ. ಹಾಗಾಗಿ ನಿಮ್ಮ ಮೈಕಟ್ಟಿಗೆ ನನ್ನ ಓಟು: ಹೈ ಬಾರ್, ಹಿಮ್ಮಡಿಗೆ ಎತ್ತರ, ಪಾದ ಭುಜಕ್ಕಿಂತ ಒಂದು ಮುಷ್ಟಿ ಅಗಲ, ಬೆರಳು 25–30 ಡಿಗ್ರಿ ಹೊರಕ್ಕೆ. ಉದ್ದ ತೊಡೆಯವರಿಗೆಲ್ಲ ಲೋ ಬಾರೇ ಗತಿ ಅನ್ನೋ ಮಾತನ್ನ ನಾನು ಒಪ್ಪಲ್ಲ. ಕೆಳಬೆನ್ನು ಹಿಡ್ಕೊಳ್ಳೋ ದೂರು ಇರೋರಿಗಂತೂ ಅದು ಮೊದಲ ಆಯ್ಕೆ ಅಲ್ಲ.

---

ಗರಡಿಮನೆ_ಹಳಬ:

ಲೆಕ್ಕ ಎಲ್ಲ ಸರಿ ಮೇಷ್ಟ್ರೇ. ಆದ್ರೆ ಮಂಡಿ ಬೆರಳು ದಾಟಬಾರದು ಅನ್ನೋದನ್ನ ಇಷ್ಟು ಸಲೀಸಾಗಿ ತಳ್ಳಿ ಹಾಕ್ಬೇಡಿ. ಮಂಡಿಚಿಪ್ಪು ಸವೆದು ಕೂತೋರನ್ನ ನೋಡಿಲ್ವಾ? ಭಾರ ಮಂಡಿ ಮೇಲೆ ಬೀಳುತ್ತೆ ಅನ್ನೋದು ಸುಳ್ಳಲ್ಲ.

---

ಲೆಕ್ಕದ_ಮೇಷ್ಟ್ರು:

ಸುಳ್ಳು ಅಂತ ನಾನೂ ಹೇಳಿಲ್ಲ ಹಳಬರೇ. 2003ರಲ್ಲಿ ಫ್ರೈ ಅನ್ನೋ ಸಂಶೋಧಕರು ಮತ್ತು ಸಂಗಡಿಗರು ಇದನ್ನೇ ಅಳೆದ್ರು. ಒಂದು ಸಲ ಹಾಗೇ ಸ್ಕ್ವಾಟ್, ಇನ್ನೊಂದು ಸಲ ಮಂಡಿ ಮುಂದೆ ಹೋಗದ ಹಾಗೆ ಮರದ ಹಲಗೆ ಅಡ್ಡ ಇಟ್ಟು. ಮಂಡಿ ಮೇಲಿನ ತಿರುಚುಬಲ ಸುಮಾರು 150 ನ್ಯೂಟನ್ ಮೀಟರ್‌ನಿಂದ 117ಕ್ಕೆ ಇಳೀತು. ಸೊಂಟದ್ದು 28ರಿಂದ 302ಕ್ಕೆ ಏರ್ತು. ಮಂಡಿಗೆ ಉಳಿಸಿದ್ದು ಕಾಲು ಭಾಗಕ್ಕಿಂತ ಕಮ್ಮಿ, ಸೊಂಟಕ್ಕೆ ಹೇರಿದ್ದು ಹತ್ತು ಪಟ್ಟು. ಕೆಳಬೆನ್ನು ಹಿಡ್ಕೊಳ್ಳೋ ಹುಡುಗನಿಗೆ ಈ ವ್ಯಾಪಾರ ಲಾಭವಾ ನೀವೇ ಹೇಳಿ.

ಅದೂ ಅಲ್ದೆ ನಿಮ್ಮ ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಎದ್ದು ಮಂಡಿ ಎಷ್ಟು ಮುಂದಕ್ಕೆ ಹೋಗುತ್ತೆ? ಪೈಲ್ವಾನರು ನೂರುಗಟ್ಟಲೆ ಹೊಡೀತಿದ್ರು. ಭಾರ ಮೈದು ಮಾತ್ರ, ಒಪ್ತೀನಿ, ಆದ್ರೆ ದಾಟೋದೇ ದೋಷ ಅಂದ್ರೆ ಬಸ್ಕಿಯೂ ದೋಷ ಆಗ್ಬೇಕಿತ್ತು.

ಮಂಡಿಗೆ ನಿಜವಾಗಿ ಕೆಟ್ಟದ್ದು ಬೇರೆ ಮೂರಿವೆ: ಮಂಡಿ ಒಳಕ್ಕೆ ಕುಸಿಯೋದು, ತಳದಲ್ಲಿ ಸ್ನಾಯು ಸಡಿಲ ಬಿಟ್ಟು ಧೊಪ್ಪನೆ ಕುಕ್ಕರಿಸಿ ಪುಟಿಯೋದು, ವಾರದಿಂದ ವಾರಕ್ಕೆ 10 ಕೆ.ಜಿ. ಏರಿಸೋದು.

---

ಚಿಕ್ಕಮಗ್ಳೂರ್_ಫಿಜಿಯೋ:

ಮೂಳೆಯ ಉದ್ದದ ಲೆಕ್ಕ ಅರ್ಧ ಕಥೆ. ಉಳಿದರ್ಧ ಸೊಂಟದ ಕೀಲಿನ ಗುಳಿಯಲ್ಲಿದೆ. ತೊಡೆಮೂಳೆಯ ತಲೆ ಕೂರುವ ಆ ಗುಳಿ ಕೆಲವರಲ್ಲಿ ಹೆಚ್ಚು ಮುಂದಕ್ಕೆ ಮುಖ ಮಾಡಿರುತ್ತದೆ, ಕೆಲವರಲ್ಲಿ ಪಕ್ಕಕ್ಕೆ. ತೊಡೆಮೂಳೆಯ ಕತ್ತೂ ಎಲ್ಲರಲ್ಲಿ ಒಂದೇ ಕೋನದಲ್ಲಿ ತಿರುಚಿಕೊಂಡಿರುವುದಿಲ್ಲ. ಆದ್ದರಿಂದ "30 ಡಿಗ್ರಿ ಬೆರಳು ಹೊರಕ್ಕೆ" ಎಂದು ಎಲ್ಲರಿಗೂ ಒಂದೇ ಚೀಟಿ ಬರೆಯಬಾರದು. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು ಇವು.

ಮೊದಲನೆಯದು. ಅಂಗಾತ ಮಲಗಿ ಒಂದು ಮಂಡಿಯನ್ನು ಕೈಯಿಂದ ನೇರವಾಗಿ ಅದೇ ಕಡೆಯ ಎದೆಗೆ ಎಳೆಯಿರಿ. ತೊಡೆಸಂದಿನ ಮುಂಭಾಗದಲ್ಲಿ ಚಿವುಟಿದ ಹಾಗಾದರೆ ಅಲ್ಲೇ ನಿಲ್ಲಿಸಿ. ಈಗ ಮಂಡಿಯನ್ನು ಹೊರಗಡೆ ಕಂಕುಳಿನ ದಿಕ್ಕಿಗೆ ತಿರುಗಿಸಿ ಎಳೆಯಿರಿ, ನಂತರ ಇನ್ನೂ ಸ್ವಲ್ಪ ಹೊರಕ್ಕೆ. ಯಾವ ದಾರಿಯಲ್ಲಿ ಚಿವುಟದೆ ಅತಿ ಹೆಚ್ಚು ಮೇಲಕ್ಕೆ ಬರುತ್ತದೋ ಅದೇ ನಿಮ್ಮ ಮಂಡಿ ಸಾಗಬೇಕಾದ ದಾರಿ. ಎರಡೂ ಕಾಲಿಗೆ ಬೇರೆ ಬೇರೆ ಮಾಡಿ.

ಎರಡನೆಯದು. ಅಂಬೆಗಾಲಿನ ಭಂಗಿಗೆ ಬನ್ನಿ, ಕೆಳಬೆನ್ನಿನ ಸಹಜ ತಗ್ಗನ್ನು ಉಳಿಸಿಕೊಂಡು ಹಿಂಭಾಗವನ್ನು ಹಿಮ್ಮಡಿ ಕಡೆಗೆ ತಳ್ಳಿ. ಒಂದು ಹಂತದಲ್ಲಿ ಕೆಳಬೆನ್ನು ಗುಂಡಗಾಗುತ್ತದೆ. ಪಕ್ಕದಿಂದ ಮೊಬೈಲಿನಲ್ಲಿ ಚಿತ್ರಿಸಿ. ಮಂಡಿಗಳ ನಡುವಿನ ಅಂತರವನ್ನು ಒಂದೊಂದು ಗೇಣಿನ ಅರ್ಧದಷ್ಟು ಹೆಚ್ಚಿಸುತ್ತ ಮತ್ತೆ ಮಾಡಿ. ಬೆನ್ನು ಅತಿ ತಡವಾಗಿ ಗುಂಡಗಾದ ಅಂತರವೇ ನಿಮ್ಮ ಪಾದದ ಅಗಲದ ಆರಂಭ ಬಿಂದು. ಇಲ್ಲಿ ಆಂಕಲ್ ಪಾತ್ರವೇ ಇಲ್ಲದ ಕಾರಣ ಇದು ಸೊಂಟವನ್ನು ಮಾತ್ರ ಪರೀಕ್ಷಿಸುತ್ತದೆ. ಇಲ್ಲಿ ಆಳಕ್ಕೆ ಹೋಗಲು ಸಾಧ್ಯವಾಗಿ, ನಿಂತು ಕೂರುವಾಗ ಸಾಧ್ಯವಾಗದಿದ್ದರೆ ದೋಷ ಆಂಕಲ್‌ನಲ್ಲೋ ಸಮತೋಲದಲ್ಲೋ ಇದೆ ಎಂದರ್ಥ.

ಮೂರನೆಯದು. ಬೋರಲಾಗಿ ಮಲಗಿ ಮಂಡಿಯನ್ನು 90 ಡಿಗ್ರಿ ಮಡಿಸಿ. ಪಾದ ಹೊರಕ್ಕೆ ಬಿದ್ದರೆ ತೊಡೆ ಒಳಕ್ಕೆ ತಿರುಗಿದೆ ಎಂದು, ಪಾದ ಇನ್ನೊಂದು ಕಾಲಿನ ಕಡೆ ಬಿದ್ದರೆ ತೊಡೆ ಹೊರಕ್ಕೆ ತಿರುಗಿದೆ ಎಂದು. ಹೊರಕ್ಕೆ ತಿರುಗುವುದೇ ತುಂಬಾ ಜಾಸ್ತಿ ಇದ್ದವರು ಬೆರಳನ್ನು ಧಾರಾಳವಾಗಿ ಹೊರಕ್ಕೆ ತಿರುಗಿಸಿ ಅಗಲ ನಿಲ್ಲಬಹುದು. ಒಳಕ್ಕೆ ತಿರುಗುವುದು ಜಾಸ್ತಿ ಇದ್ದವರಿಗೆ ಅಗಲ ಸ್ಕ್ವಾಟ್ ಹಿಂಸೆ. ಅವರು ಕಿರಿದಾಗಿ ನಿಂತು 10–15 ಡಿಗ್ರಿಗೆ ತೃಪ್ತರಾಗಿ, ಹಿಮ್ಮಡಿ ಎತ್ತರದಿಂದಲೇ ಕೆಲಸ ಸಾಧಿಸಬೇಕು.

ಎಡಬಲ ಒಂದೇ ರೀತಿ ಇರುವುದಿಲ್ಲ. ಒಂದು ಪಾದ ಇನ್ನೊಂದಕ್ಕಿಂತ ಐದು ಡಿಗ್ರಿ ಹೆಚ್ಚು ತಿರುಗಿದ್ದರೆ ಅದನ್ನು "ಸರಿ" ಮಾಡಲು ಹೋಗಬೇಡಿ. ಬಲವಂತವಾಗಿ ಸಮ ಮಾಡಿದರೆ ಸೊಂಟ ಒಂದು ಕಡೆಗೆ ವಾಲುತ್ತದೆ.

ಆಂಕಲ್ ಬಗ್ಗೆ. ಗೋಡೆ ಪರೀಕ್ಷೆಯಲ್ಲಿ 10 ಸೆಂ.ಮೀ. ಸುತ್ತಮುತ್ತ ಬಂದರೆ ಚಪ್ಪಟೆ ಶೂನಲ್ಲೇ ಆರಾಮಾಗಿ ನಡೆಯುತ್ತದೆ. ನಿಮ್ಮದು 5 ಮತ್ತು 7, ಬಿಗಿಯೇ. ಆದರೆ ಎಲ್ಲಿ ತಡೆಯುತ್ತಿದೆ ಎನ್ನುವುದನ್ನು ಗಮನಿಸಿ. ಮೀನಖಂಡದಲ್ಲಿ, ಹಿಮ್ಮಡಿಯ ಮೇಲೆ ಎಳೆದ ಹಾಗಾದರೆ ಅದು ಸ್ನಾಯುವಿನ ಬಿಗಿ, ಹಿಗ್ಗಿಸಿದರೆ ಸಡಿಲವಾಗುತ್ತದೆ. ಮಂಡಿ ಮಡಿಸಿಯೇ ಹಿಗ್ಗಿಸಬೇಕು. ಮಂಡಿ ನೇರ ಇಟ್ಟು ಗೋಡೆ ತಳ್ಳುವ ವ್ಯಾಯಾಮ ಮೇಲಿನ ಸ್ನಾಯುವಿಗೆ ಹೋಗುತ್ತದೆ, ಸ್ಕ್ವಾಟ್‌ನಲ್ಲಿ ತಡೆಯುವುದು ಅದರಡಿಯ ಸೋಲಿಯಸ್. ಮೂವತ್ತು ಸೆಕೆಂಡಿನಂತೆ ಮೂರು ಬಾರಿ, ದಿನಾ. ಪಾದದ ಮುಂಭಾಗದಲ್ಲಿ, ಕೀಲಿನ ಸಂದಿಯಲ್ಲಿ ಚಿವುಟಿದ ಹಾಗಾದರೆ ಅದು ಮೂಳೆಗೆ ಮೂಳೆ ತಾಗುವ ಕಥೆ. ಹಳೆಯ ಉಳುಕಿನ ನಂತರ ಹೀಗಾಗುವುದುಂಟು. ಎಷ್ಟು ಹಿಗ್ಗಿಸಿದರೂ ಹೆಚ್ಚು ಪ್ರಯೋಜನವಿಲ್ಲ, ನೇರ ಹಿಮ್ಮಡಿ ಎತ್ತರಕ್ಕೆ ಹೋಗಿ.

ನಮ್ಮ ಕಡೆ "ನಾನು ಕುಕ್ಕುರುಗಾಲಲ್ಲಿ ಗಂಟೆಗಟ್ಟಲೆ ಕೂರುತ್ತೇನೆ, ಬಾರ್ ಹೊತ್ತರೆ ಯಾಕೆ ಆಗಲ್ಲ?" ಎಂದು ಕೇಳುವವರು ಬಹಳ. ಕುಕ್ಕುರುಗಾಲಲ್ಲಿ ಬೆನ್ನನ್ನು ಪೂರ್ತಿ ಗುಂಡಗೆ ಮಾಡಿ, ಕೈಗಳನ್ನು ಮಂಡಿ ಮುಂದೆ ಚಾಚಿ ಸಮತೋಲ ಮಾಡಿಕೊಳ್ಳುತ್ತೇವೆ. ಬಾರ್ ಕೆಳಗೆ ಆ ಎರಡು ಅನುಕೂಲವೂ ಇಲ್ಲ.

ಒಂದು ಎಚ್ಚರಿಕೆ: ಬೆನ್ನಿನ ನೋವು ಪೃಷ್ಠ ದಾಟಿ ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ, ಸ್ಕ್ವಾಟ್ ಶೈಲಿಯ ಚರ್ಚೆ ಪಕ್ಕಕ್ಕಿಟ್ಟು ಮೂಳೆ ವೈದ್ಯರಿಗೆ ತೋರಿಸಿ.

---

ಸಕಲೇಶ್ಪುರ_ಪವರ್:

ಮೇಷ್ಟ್ರು ಲೋ ಬಾರನ್ನ ಹಿಂದಕ್ಕೆ ತಳ್ಳಿದ್ರು, ನಾನು ಸ್ವಲ್ಪ ಅದರ ಪರವಾಗಿ ಮಾತಾಡ್ತೀನಿ. ಅಳತೆ ಒಂದನ್ನೇ ನೋಡಿದ್ರೆ ಅವರ ಮಾತು ಸರಿ. ಆದ್ರೆ ಕೆಲವರ ತೊಡೆಯ ಮುಂಭಾಗಕ್ಕಿಂತ ಗ್ಲೂಟ್ಸು (ಕುಂಡಿಯ ಸ್ನಾಯು), ಹ್ಯಾಮ್‌ಸ್ಟ್ರಿಂಗು (ತೊಡೆಯ ಹಿಂಭಾಗದ ಸ್ನಾಯು) ಬಲವಾಗಿರುತ್ತೆ. ಅಂಥೋರು ಹೈ ಬಾರ್‌ನಲ್ಲಿ ಎದ್ದೇಳುವಾಗ ಕುಂಡಿ ಮೊದಲು ಮೇಲೆ ಬಂದು, ಎದೆ ಕೆಳಗೇ ಉಳಿದು, ಕೊನೆಗೆ ಬೆನ್ನಲ್ಲಿ ಎತ್ತಿ ಮುಗಿಸ್ತಾರೆ. ಬಾರ್ ಕೆಳಗಿಟ್ಟು ಮೊದಲಿಂದಲೇ ಬಾಗಿಕೊಂಡು ಇಳಿದ್ರೆ ಆ ಕೋನ ಬದಲಾಗದೆ ಮೇಲೆ ಬರ್ತಾರೆ. ಬಾಗೋದು ತಪ್ಪಲ್ಲ, ಮಧ್ಯದಲ್ಲಿ ಕೋನ ಬದಲಾಗೋದು ತಪ್ಪು. ಮುಂದೆ ಪವರ್‌ಲಿಫ್ಟಿಂಗ್ ಮೀಟ್‌ಗೆ (ಭಾರ ಎತ್ತೋ ಸ್ಪರ್ಧೆ) ಹೋಗೋ ಆಸೆ ಇದ್ರೆ ಲೋ ಬಾರ್ ಕಲಿಯೋದು ಲಾಭ. ಅಲ್ಲಿ ಸೊಂಟದ ಕೀಲಿನ ಹತ್ತಿರ ತೊಡೆಯ ಮೇಲ್ಮೈ ಮಂಡಿಯ ಮೇಲ್ತುದಿಗಿಂತ ಕೆಳಗಿಳಿದ್ರೆ ಸಾಕು, ಅದಕ್ಕಿಂತ ಆಳಕ್ಕೆ ಹೋದ್ರೂ ಹೆಚ್ಚಿಗೆ ಅಂಕ ಕೊಡಲ್ಲ.

ಲೋ ಬಾರ್ ಕೂರೋ ಜಾಗ ಹುಡುಕೋದು ಹೀಗೆ: ಹೆಗಲ ಹಲಗೆಯ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ಏಣು ಕೈಗೆ ಸಿಗುತ್ತಲ್ಲ, ಅದರ ಸ್ವಲ್ಪ ಕೆಳಗೆ. ಭುಜದ ಹಲಗೆಗಳನ್ನ ಒತ್ತಿ ಹಿಡಿದ್ರೆ ಅಲ್ಲಿ ಹಿಂಭುಜದ ಸ್ನಾಯು ಉಬ್ಬಿ ಚಿಕ್ಕ ಕಟ್ಟೆ ಆಗುತ್ತೆ. ಬಾರ್ ಕೂರಬೇಕಾದ್ದು ಅಲ್ಲಿ. ಹೆಬ್ಬೆರಳು ಬಾರ್ ಮೇಲೆ, ಮಣಿಕಟ್ಟು ನೇರ, ಭಾರ ಪೂರ್ತಿ ಬೆನ್ನ ಮೇಲೆ. ಕೈ ಬರೀ ಒತ್ತಿ ಹಿಡಿಯೋಕೆ. ಮಣಿಕಟ್ಟು ಹಿಂದಕ್ಕೆ ಮುರಿದಿದ್ರೆ ಕೈ ಭಾರ ಹೊರ್ತಿದೆ ಅಂತ ಲೆಕ್ಕ. ಸ್ವಲ್ಪ ದಿನದಲ್ಲಿ ಮೊಣಕೈ ಒಳಗಡೆ ನೋವು ಗ್ಯಾರಂಟಿ. ಕೈ ಒಂದೊಂದು ಬೆರಳಗಲ ಹೊರಕ್ಕೆ ಸರಿಸ್ತಾ ಬನ್ನಿ, ನೋವಿಲ್ಲದ ಜಾಗ ಸಿಗುತ್ತೆ.

ಜಾರುತ್ತೆ ಅನ್ನೋದು ಇನ್ನೊಂದು ದೂರು. ನಯವಾದ ಪಾಲಿಯೆಸ್ಟರ್ ಜೆರ್ಸಿ ಬಿಟ್ಟು ಹಳೇ ಹತ್ತಿ ಟೀ ಶರ್ಟ್ ಹಾಕಿ, ಬೆನ್ನಿಗೆ ಚಾಕ್ ಪುಡಿ ಹಚ್ಚಿಸ್ಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆ ಬಾರೆಲ್ಲ ತುಕ್ಕು ಹಿಡಿದು ಕೊರೆತದ ಗೆರೆಗಳಲ್ಲಿ ಕೊಳೆ ತುಂಬ್ಕೊಂಡಿರುತ್ತೆ, ಹಿಡಿತವೇ ಇರಲ್ಲ. ಹಿತ್ತಾಳೆ ತಂತಿ ಬ್ರಷ್‌ನಲ್ಲಿ ಉದ್ದುದ್ದ ಉಜ್ಜಿ, ಹೊಲಿಗೆ ಮಿಷನ್ ಎಣ್ಣೆ ಬಟ್ಟೆಗೆ ಹಾಕಿ ಒರೆಸಿ, ಆಮೇಲೆ ಒಣಬಟ್ಟೇಲಿ ಪೂರ್ತಿ ತೆಗೀರಿ. ಎಣ್ಣೆ ಉಳಿದ್ರೆ ಇನ್ನೂ ಜಾರುತ್ತೆ. (ಜಿಮ್ ಮಾಲೀಕರು ಮಾಡ್ಲಿ ಅಂತ ಕಾಯ್ತಾ ಕೂತ್ರೆ ಮುಂದಿನ ಮಳೆಗಾಲ ಬರುತ್ತೆ.)

ಹೈ ಬಾರ್‌ಗೆ ಹೋದ್ರೂ ಕತ್ತಿನ ಬುಡದಲ್ಲಿ ಎದ್ದು ಕಾಣೋ ಮೂಳೆ ಮೇಲೆ ಬಾರ್ ಇಡ್ಬೇಡಿ, ಅದರ ಕೆಳಗಿನ ಮಾಂಸಖಂಡದ ಮೇಲೆ. ಸ್ಪಂಜ್ ಪ್ಯಾಡ್ ಹಾಕ್ಕೊಂಡ್ರೆ ಬಾರ್ ಉರುಳುತ್ತೆ, ಪ್ರತಿ ಸೆಟ್ಟಲ್ಲೂ ಬೇರೆ ಜಾಗದಲ್ಲಿ ಕೂರುತ್ತೆ. ಪ್ಯಾಡ್ ಬೇಕೇಬೇಕು ಅನ್ನಿಸ್ತಿದ್ರೆ ಬಾರ್ ಮೂಳೆ ಮೇಲಿದೆ ಅಂತ ಅರ್ಥ.

---

ಹಾಸನ್_ಉದ್ದಕಾಲು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಫಿಜಿಯೋ ಸರ್ ಹೇಳಿದ ಪರೀಕ್ಷೆ ಮಾಡಿದೆ. ಬಲಗಾಲು ನೇರ ಎಳೆದ್ರೆ ತೊಡೆಸಂದಿ ಚಿವುಟುತ್ತೆ, ಹೊರಕ್ಕೆ ತಿರುಗಿಸಿದ್ರೆ ಇಲ್ಲ. ಎಡಕ್ಕೆ ಅಷ್ಟು ಸಮಸ್ಯೆ ಇಲ್ಲ. ಬೋರಲು ಮಲಗಿದಾಗ ಎರಡೂ ತೊಡೆ ಹೊರಕ್ಕೆ ಜಾಸ್ತಿ ತಿರುಗುತ್ತೆ. ಆಂಕಲ್‌ನಲ್ಲಿ ಎಳೆತ ಇರೋದು ಹಿಂದೆ, ಮುಂದೆ ಚಿವುಟಲ್ಲ.

ಎರಡು ಪ್ರಶ್ನೆ. ಸ್ಕ್ವಾಟ್ ಶೂ (ಹಿಮ್ಮಡಿ ಎತ್ತರ ಇರೋ ಗಟ್ಟಿ ಶೂ) ಈಗ ಕೊಳ್ಳೋ ಸ್ಥಿತೀಲಿಲ್ಲ. ಹಿಮ್ಮಡಿ ಕೆಳಗೆ 2.5 ಕೆ.ಜಿ. ಪ್ಲೇಟ್ ಇಟ್ರೆ ನಡೆಯುತ್ತಾ? ಇನ್ನೊಂದು, ನಮ್ಮಲ್ಲಿ ರ್‍ಯಾಕ್‌ಗೆ ಬರೀ ಕೊಕ್ಕೆ ಇದೆ, ಕೆಳಗೆ ಬಾರ್ ಬಿದ್ರೆ ತಡೆಯೋ ಅಡ್ಡಪಟ್ಟಿ ಇಲ್ಲ. ಒಬ್ಬನೇ ಮಾಡಬಹುದಾ? ಫ್ರಂಟ್ ಸ್ಕ್ವಾಟ್ ಬಗ್ಗೆ ಯಾರೂ ಏನೂ ಹೇಳಲಿಲ್ಲ.

---

ಲೆಕ್ಕದ_ಮೇಷ್ಟ್ರು:

ಫ್ರಂಟ್ ಸ್ಕ್ವಾಟ್: ಬಾರ್ ಎದೆ ಮುಂದೆ ಇರೋದ್ರಿಂದ ಮುಂಡ ಹೆಚ್ಚು ನೆಟ್ಟಗಿರಲೇಬೇಕು, ಬಾಗಿದ್ರೆ ಬಾರೇ ಉರುಳಿ ಬೀಳುತ್ತೆ. ಹಾಗೆ ನೆಟ್ಟಗಿರೋಕೆ ಮಂಡಿ ಇನ್ನೂ ಮುಂದಕ್ಕೆ ಹೋಗ್ಬೇಕು. ನಿಮ್ಮ ಆಂಕಲ್ ಅದಕ್ಕೆ ಸದ್ಯಕ್ಕೆ ಒಪ್ಪಲ್ಲ. ಹಿಮ್ಮಡಿ ಎತ್ತರ ಕೊಟ್ಟ ಮೇಲೆ ಎರಡನೇ ವ್ಯಾಯಾಮವಾಗಿ ಇಟ್ಕೊಳ್ಳಿ, ಬ್ಯಾಕ್ ಸ್ಕ್ವಾಟ್ (ಬಾರ್ ಬೆನ್ನ ಮೇಲಿಡೋದು) ಭಾರದ ಮುಕ್ಕಾಲು ಪಾಲಿನ ಒಳಗೇ. ಆಳ ಅಭ್ಯಾಸ ಆಗೋಕೆ ಅಂತಾದ್ರೆ ಎದೆಗೆ ಅವುಚಿ ಹಿಡಿದ ಒಂದೇ ಡಂಬೆಲ್ ಸ್ಕ್ವಾಟ್ ಸಾಕು. 12–16 ಕೆ.ಜಿ., ತಳದಲ್ಲಿ ಮೂರು ಸೆಕೆಂಡ್ ನಿಂತು.

---

ಸಕಲೇಶ್ಪುರ_ಪವರ್:

ಅಡ್ಡಪಟ್ಟಿ ಇಲ್ಲದ ರ್‍ಯಾಕ್‌ನಲ್ಲಿ ಒಬ್ಬರೇ ಆದ್ರೆ ಪ್ರತಿ ಸೆಟ್ಟಲ್ಲೂ ಇನ್ನೂ ಮೂರು ಸಲ ಕೂತೇಳಬಹುದು ಅನ್ನಿಸುವಾಗ್ಲೇ ನಿಲ್ಸಿ. ಅದಕ್ಕಿಂತ ಮುಂದೆ ಹೋಗೋದಾದ್ರೆ ಹಿಂದೆ ಒಬ್ಬರು ಬೇಕು. ಅವರು ಬಾರ್ ಹಿಡಿದು ಎಳೀಬಾರ್ದು. ನಿಮ್ಮ ಕಂಕುಳ ಕೆಳಗಿಂದ ಕೈ ಹಾಕಿ ಎದೆ ತಬ್ಬಿ, ನಿಮ್ಮ ಜೊತೆಗೇ ಕೂತು ನಿಮ್ಮ ಜೊತೆಗೇ ಏಳ್ಬೇಕು. ಹೈ ಬಾರ್‌ನಲ್ಲಿ ಸಿಕ್ಕಿಹಾಕ್ಕೊಂಡ್ರೆ ಎದೆ ಎತ್ತಿ, ಕೈ ಬಿಟ್ಟು, ಬಾರನ್ನ ಹಿಂದಕ್ಕೆ ಬೀಳಿಸಿ ನೀವು ಮುಂದಕ್ಕೆ ಹಾರಬಹುದು, ಖಾಲಿ ಬಾರ್‌ನಲ್ಲಿ ಮೊದಲು ಅಭ್ಯಾಸ ಮಾಡಿರ್ಬೇಕು, ಹಿಂದೆ ಯಾರೂ ನಿಂತಿರ್ಬಾರ್ದು. ಲೋ ಬಾರ್‌ನಲ್ಲಿ ಅದು ಅಷ್ಟು ಸುಲಭ ಅಲ್ಲ. ನಿಮ್ಮ ರ್‍ಯಾಕ್ ನೋಡಿದ್ರೆ ಸದ್ಯ ಹೈ ಬಾರೇ ಇರಲಿ, ನನ್ನ ವಾದ ವಾಪಸ್.

ಕೊಕ್ಕೆ ಎತ್ತರ ಎದೆಮೂಳೆಯ ನಡುವಿಗೆ. ತುದಿಗಾಲಲ್ಲಿ ನಿಂತು ಬಾರ್ ಇಳಿಸೋ ಹಾಗಿದ್ರೆ ಒಂದು ತೂತು ಕೆಳಗೆ ಹಾಕಿ. ತುಂಬಾ ಕೆಳಗಿದ್ರೆ ಸ್ವಲ್ಪ ಜಾಸ್ತಿ ಬಗ್ಗಿದ್ರಾಯ್ತು, ತುಂಬಾ ಮೇಲಿದ್ರೆ ಸುಸ್ತಾದಾಗ ವಾಪಸ್ ಇಡೋಕಾಗಲ್ಲ. ಹೊರಕ್ಕೆ ಬರೋಕೆ ಮೂರೇ ಹೆಜ್ಜೆ: ಒಂದು ಹಿಂದಕ್ಕೆ, ಇನ್ನೊಂದು ಅದರ ಪಕ್ಕ, ಮೂರನೇದು ಅಗಲ ಸರಿ ಮಾಡೋಕೆ. ಪ್ಲೇಟ್ ಕ್ಲಿಪ್ ಮಾತ್ರ ಮರೀಬೇಡಿ.

---

ಕಾಫಿಕಣ:

ಪ್ಲೇಟ್ ಇಡೋದು ಬೇಡ. ಅಂಚಿನ ಮೇಲೆ ಹಿಮ್ಮಡಿ ಮಾತ್ರ ಕೂತು ಪಾದದ ನಡುಭಾಗ ಗಾಳಿಯಲ್ಲಿ ನಿಲ್ಲುತ್ತೆ, ಟೈಲ್ಸ್ ಮೇಲೆ ಪ್ಲೇಟ್ ಜಾರುತ್ತೆ, ಬೆರಳು ಹೊರಕ್ಕೆ ತಿರುಗಿಸಿದ್ರಂತೂ ಗುಂಡನೆ ಪ್ಲೇಟಿನ ಮೇಲೆ ಸರಿಯಾಗಿ ಕೂರೋದೇ ಇಲ್ಲ. ಮೆತ್ತನೆ ರನ್ನಿಂಗ್ ಶೂ ಇನ್ನೂ ಕಷ್ಟ, ಭಾರ ಬಿದ್ದಾಗ ಒಂದು ಕಡೆ ಕುಗ್ಗುತ್ತೆ.

ಸಾಮಿಲ್‌ನಲ್ಲಿ ಸಿಲ್ವರ್ ಓಕ್ ತುಂಡು ಕೇಳಿ, ನಮ್ಮ ಜಿಲ್ಲೆಗಳಲ್ಲಿ ಅದಕ್ಕೇನು ಬರ. ಓರೆ ಹಲಗೆ ಎರಡು ಮಾಡಿಸಿ, ಪಾದಕ್ಕೊಂದು. ಉದ್ದ 28 ಸೆಂ.ಮೀ., ಅಗಲ 14, ಹಿಂದಿನ ತುದಿ ದಪ್ಪ 30 ಮಿ.ಮೀ., ಮುಂದಿನ ತುದಿ ಸೊನ್ನೆಗೆ ಇಳಿದಿರಬೇಕು. ಆರು ಡಿಗ್ರಿ ಬರುತ್ತೆ, ಮೇಷ್ಟ್ರು ಲೆಕ್ಕ ಹಾಕಿದಷ್ಟೇ, ಪಾದ ಪೂರ್ತಿ ಹಲಗೆ ಮೇಲೆ ಕೂರುತ್ತೆ. ಹಸಿ ಮರ ಬೇಡ, ಸೀಳುತ್ತೆ. ಕೆಳಗೆ ಹಳೇ ಟ್ಯೂಬಿನ ರಬ್ಬರ್ ಗಟ್ಟಿಯಾಗಿ ಅಂಟಿಸಿ, ಮೇಲೆ ಮರಳುಕಾಗದ ಅಂಟಿಸಿ. ವಾಲಿಸಿ ನೋಡಿ, ಒಂದಿಷ್ಟೂ ಅಲ್ಲಾಡಬಾರದು. ಹಲಗೆಗಳನ್ನ ರ್‍ಯಾಕ್‌ನಿಂದ ಎರಡೇ ಹೆಜ್ಜೆ ದೂರಕ್ಕೆ ಮೊದಲೇ ಇಟ್ಟು, ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಬಾರ್ ಹೊತ್ಕೊಂಡು ಕಾಲಲ್ಲಿ ತಡಕಾಡೋ ಕೆಲಸ ಬೇಡ.

---

ಚಿಕ್ಕಮಗ್ಳೂರ್_ಫಿಜಿಯೋ:

ನಿಮ್ಮ ಪರೀಕ್ಷೆಯ ಫಲಿತಾಂಶ ಮೇಷ್ಟ್ರ ಲೆಕ್ಕಕ್ಕೆ ಹೊಂದುತ್ತಿದೆ: ಅಗಲ ನಿಲ್ಲಿ, ಎಡಪಾದ 25, ಬಲಪಾದ 30 ಡಿಗ್ರಿಯಿಂದ ಶುರು ಮಾಡಿ. ಇಳಿಯುವಾಗ ಮಂಡಿ ಆಯಾ ಪಾದದ ಎರಡನೇ ಬೆರಳಿನ ನೇರಕ್ಕೇ ಸಾಗಬೇಕು. ಬೆರಳು ಹೊರಕ್ಕೆ ತಿರುಗಿಸಿ ಮಂಡಿಯನ್ನು ಒಳಕ್ಕೆ ಬಿಟ್ಟರೆ ಇಷ್ಟು ಮಾಡಿದ್ದೂ ವ್ಯರ್ಥ.

ತೀರ್ಮಾನಕ್ಕೆ ಬರುವ ಕ್ರಮ ಹೀಗಿರಲಿ. ಹಲಗೆ ಮೇಲೆ ಖಾಲಿ ಬಾರ್, 20 ಕೆ.ಜಿ., ಐದೈದರ ಎರಡು ಸೆಟ್. ಆಮೇಲೆ 30, ನಂತರ 40 ಕೆ.ಜಿ.ಯಲ್ಲಿ ಮೂರು ಸೆಟ್. ವಾರಕ್ಕೆ ಎರಡು ದಿನ, ಪ್ರತಿ ಸಲ 2.5 ಕೆ.ಜಿ. ಮಾತ್ರ ಹೆಚ್ಚಿಸಿ. ಒಂದು ಶೈಲಿಗೆ ಕನಿಷ್ಠ ನಾಲ್ಕು ವಾರ ಕೊಡಿ. ದಿನಕ್ಕೊಂದು ಶೈಲಿ ಬದಲಿಸುವವರಿಗೆ ಯಾವುದೂ ಒಗ್ಗುವುದಿಲ್ಲ. ಮೊಬೈಲನ್ನು ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ, ಮೂರು ಮೀಟರ್ ದೂರದಲ್ಲಿಟ್ಟು ಚಿತ್ರಿಸಿ. ಕೆಳಗಿಟ್ಟರೆ ಆಳ ಹೆಚ್ಚಿದ್ದಂತೆ ಕಾಣುತ್ತದೆ.

ವಿಡಿಯೊದಲ್ಲಿ ನೋಡಬೇಕಾದ್ದು: ಬಾರಿನ ತುದಿ ಲೇಸಿನ ಗಂಟಿನ ನೇರಕ್ಕೆ ಮೇಲೆ ಕೆಳಗೆ ಹೋಗುತ್ತಿದೆಯೇ? ಎದ್ದೇಳುವ ಮೊದಲ ಗೇಣಿನಲ್ಲಿ ಸೊಂಟ ಮತ್ತು ಭುಜ ಒಟ್ಟಿಗೆ ಏರುತ್ತಿವೆಯೇ? ಸೊಂಟ ಮೊದಲು ಏರಿದರೆ ಭಾರ 10 ಪ್ರತಿಶತ ಇಳಿಸಿ, ತಳದಲ್ಲಿ ಎರಡು ಸೆಕೆಂಡ್ ನಿಂತು ಎದ್ದೇಳಿ. ತಳದಲ್ಲಿ ಬಾಲದ ಮೂಳೆ ಒಳಕ್ಕೆ ಮಡಿಸಿಕೊಳ್ಳುತ್ತಿದೆಯೇ? ಅಲ್ಪಸ್ವಲ್ಪ ಎಲ್ಲರಿಗೂ ಆಗುತ್ತದೆ. ಎದ್ದು ಕಾಣುವಷ್ಟಾದರೆ ಅದು ಶುರುವಾಗುವ ಎರಡು ಬೆರಳು ಮೇಲೆಯೇ ನಿಲ್ಲಿಸಿ. ಸ್ಪರ್ಧೆಗೆ ಹೋಗದವರಿಗೆ ಆ ಎರಡು ಬೆರಳಿನ ಆಳದಿಂದ ಕಳೆದುಕೊಳ್ಳುವುದೇನಿಲ್ಲ. ಇಳಿಯುವ ಮೊದಲು ಹೊಟ್ಟೆಗೆ, ಪಕ್ಕೆಗೆ, ಕೆಳಬೆನ್ನಿಗೆ ಉಸಿರು ತುಂಬಿ ಬಿಗಿಹಿಡಿಯಿರಿ, ಎದ್ದ ಮೇಲೆ ಬಿಡಿ. ರಕ್ತದೊತ್ತಡ ಇರುವವರು ಉಸಿರು ಕಟ್ಟಬಾರದು.

ಮರುದಿನ ತೊಡೆ, ಪೃಷ್ಠ ನೋಯಬಹುದು, ಕೆಳಬೆನ್ನು ದಣಿದ ಹಾಗಿರಬಹುದು. ಬೆಳಗ್ಗೆ ಎದ್ದು ಮುಖ ತೊಳೆಯಲು ಬಗ್ಗುವಾಗ ಹಿಡಿದುಕೊಂಡರೆ ಮುಂದಿನ ಸಲ ಭಾರ ಏರಿಸಬೇಡಿ, ಮೊದಲು ವಿಡಿಯೊ ಇಲ್ಲಿ ಹಾಕಿ.

---

ಹಾಸನ್_ಉದ್ದಕಾಲು:

ಹಲಗೆಗೆ ಇವತ್ತೇ ಹೇಳ್ತೀನಿ ಕಾಫಿಕಣ ಅಣ್ಣ. 14 ಸೆಂ.ಮೀ. ಅಗಲ ಅಂದ್ರಲ್ಲ, ನನ್ನ ಪಾದದ ಮುಂಭಾಗ ಶೂ ಸೇರಿ 11 ಇದೆ, 12 ಸಾಕಾಗಲ್ವಾ?

---

ಕಾಫಿಕಣ:

14ಕ್ಕೇ ಮಾಡ್ಸಿ. ಪಾದ ಅಂಚಿಗೆ ಬಂದ್ರೆ ಹಲಗೆ ಮಗುಚುತ್ತೆ.